ಒಂದೇ ಗ್ರೈಂಡರಿನ ಹಿಟ್ಟು

ಮುಂಬೈ ಹತ್ತಿರದ ಡೊಂಬಿವಲಿ ಸ್ಟೇಷನ್ನಿನ ಟಿಕೆಟ್ ಸಾಲಿನಲ್ಲಿ ಸೌಭಾಗ್ಯಳ ಮುಂದೆ ನಿಂತಿದ್ದ ಇಬ್ಬರು ಹೋಟೆಲಿನವರ ಕೈಯಲ್ಲೂ ಖಾಲಿ ಸ್ಟೀಲ್ ಡಬ್ಬಗಳಿದ್ದವು. ಇಬ್ಬರೂ ಕನ್ನಡದಲ್ಲಿ ಜಗಳಕ್ಕಿಳಿದಿದ್ದರು; ತನಗೂ ಕನ್ನಡ ಬರುತ್ತದೆಂದು ತಿಳಿದರೆ ಪಂಚಾಯಿತಿಗೆ ಎಳೆದಾರೆಂದು ಅವಳು ಮೊಬೈಲ್ ನೋಡುತ್ತ ನಿಂತಳು.

"ಇಡ್ಲಿ ಇಲ್ಲ ಅಂತ ಗಿರಾಕಿಗಳು ಉಗಿದು ಹೋದ್ರು, ಶಿವರಾಜ. ನೀನು ಫೋನೇ ಎತ್ತುವುದಿಲ್ಲ."

"ಎತ್ತಿ ಏನ್ ಹೇಳ್ಲಿ, ಸರ್ವೋತ್ತಮಣ್ಣಾ? ದಿವಾದ ಹಿಟ್ಟಿನ ಫ್ಯಾಕ್ಟರಿ ಗ್ರೈಂಡರ್ ಸುಟ್ಟೈತಿ. ನನಗೂ ಹಿಟ್ಟು ಬಂದಿಲ್ಲ."

"ಒಬ್ಬನಿಗೆ ತಪ್ಪಿದ್ರೆ ಇನ್ನೊಬ್ಬ ಕೊಡುವುದು ಅಂತ ಮಾತಾಗಿತ್ತಲ್ಲ?"

"ಆಗಿತ್ರಿ. ಆಗ ನಿಮ್ಮ ಹಿಟ್ಟು ನೀವಽ ರುಬ್ಬತಿದ್ರಿ. ಆಮ್ಯಾಲ ನೀವೂ ದಿವಾದಿಂದನ ತರಸಾಕ ಹತ್ತಿದ್ರಿ. ನನಗ ಒಂದ್ ಮಾತು ಹೇಳಲಿಲ್ಲ."

"ಯಾಕೆ ಹೇಳ್ಬೇಕು? ನೀನಿದ್ದೀಯಲ್ಲ ಅಂತ ಧೈರ್ಯ."

"ನನಗೂ ನೀವದೀರಿ ಅಂತ ಧೈರ್ಯ! ನಿಮ್ಮ ಗ್ರೈಂಡರ್ ಎಲ್ಲೈತಿ?"

"ಗುಜರಿಗೆ ಹಾಕಿದೆ. ಎರಡು ಟೇಬಲ್ ಹಾಕ್ಲಿಕ್ಕೆ ಜಾಗ ಬೇಕಿತ್ತು."

"ಆ ಟೇಬಲ್ ಮ್ಯಾಲ ಇವತ್ತ ಏನ್ ಬಡಿಸಿದ್ರಿ?"

"ಬಾಯಿ ಮುಚ್ಚು! ಐರೋಲಿಯಲ್ಲಿ ನನ್ನ ಭಾವನ ಹೋಟೆಲುಂಟು. ಅಲ್ಲಿಂದ ತರ್ತೇನೆ. ನಿನಗೆ ಒಂದು ಸೌಟೂ ಕೊಡುವುದಿಲ್ಲ."

"ತರ್ರಿ, ತರ್ರಿ. ನಿಮ್ಮ ಭಾವ ಮುಂಜಾನೆ ನನಗ ಫೋನ್ ಮಾಡಿದ್ರು."

"ನಿನಗೆ ಯಾಕೆ?"

"ಹಿಟ್ಟೈತೇನು ಅಂತ ಕೇಳಾಕ."

ಅಷ್ಟರಲ್ಲಿ ಸರ್ವೋತ್ತಮಣ್ಣನ ಸರದಿ ಬಂತು. ಕಿಟಕಿಯೊಳಗಿನ ಹೆಂಗಸು ತಲೆಯೆತ್ತದೆ "ಕುಠೆ?" ಎಂದಳು. ಎಲ್ಲಿಗೆಂದು ಹೇಳಲು ಅವರ ಬಾಯಿಗೆ ಒಂದೂ ಊರು ಬರಲಿಲ್ಲ. ಹಿಂದಿನವರು ಗದರಿದ ಮೇಲೆ ಇಬ್ಬರೂ ಸಾಲು ಬಿಟ್ಟರು. ಖಾಲಿ ಡಬ್ಬ ಹಿಡಿದು ಒಬ್ಬರು ಸ್ಟೇಷನ್ನಿನ ಈಸ್ಟ್ ಬದಿಗೆ, ಒಬ್ಬರು ವೆಸ್ಟ್ ಬದಿಗೆ ನಡೆದರು.