ಹಲಗೆ ತೆಗೆಸಿದವಳು

ಹೆಸರು: ಊರಿಗೆಲ್ಲ ಪಂಜರದಕ್ಕ. ವಯಸ್ಸು: 46. ಕಸುಬು: ಅಳಿವೆಯಲ್ಲಿ ಬಲೆಯ ಪಂಜರ ಇಳಿಸಿ ಮೀನು ಸಾಕುವುದು. ವಾಸ: ದೋಣಿ ರಿಪೇರಿ ಶೆಡ್ಡಿನ ಹಿಂದಿನ ಮನೆ.

ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ತಿಳಿಸುವುದೇನೆಂದರೆ, ಅಣೆಕಟ್ಟಿನಲ್ಲಿ ನೀರು ತಡೆಯುವ ಹಲಗೆಗಳನ್ನು ಅಪ್ಪಣೆಯಿಲ್ಲದೆ ಎತ್ತಿ ಅಳಿವೆಯ ಮೀನು ಕೊಂದನೆಂದು ತಾವು ನಿನ್ನೆ ಲಾಕಪ್ಪಿಗೆ ಹಾಕಿರುವವನು ನನ್ನ ಒಡಹುಟ್ಟಿದ ತಮ್ಮ. ಹಲಗೆ ಹಾಕುವುದು, ತೆಗೆಯುವುದು ಅವನ ಕೆಲಸ. ಸದಾ ನೀರಿನಲ್ಲೇ ಇರುವುದರಿಂದ ಅವನಿಗೆ ಕಪ್ಪೆ ಎಂದು ಅಡ್ಡಹೆಸರು. ದೂರು ಕೊಟ್ಟವರು ಬಣ್ಣದ ಕಾರ್ಖಾನೆಯ ಮ್ಯಾನೇಜರು.

ಅಣೆಕಟ್ಟು ನನ್ನ ಪಂಜರಗಳಿಂದ ಎರಡು ಕಿಲೋಮೀಟರ್ ಮೇಲಿದೆ. ಕಾರ್ಖಾನೆಯ ಕೊಳವೆ ಅದರ ಕೆಳಗೆ ಹೊಳೆಗೆ ಬೀಳುತ್ತದೆ. ಹೊಳೆ ಹರಿಯುತ್ತಿದ್ದರೆ ಆ ಕೊಳೆ ತೆಳುವಾಗಿ ಕಡಲಿಗೆ ಹೋಗುತ್ತದೆ, ನಾವೂ ಮೂಗು ಮುಚ್ಚಿಕೊಂಡು ಸುಮ್ಮನಿರುತ್ತೇವೆ. ಈ ವರ್ಷ ಕಾರ್ಖಾನೆಗೆ ನೀರು ಸಾಲದೆಂದು ಮ್ಯಾನೇಜರು ತಮ್ಮನ ಮೇಲಧಿಕಾರಿಗಳಿಗೆ ಹೇಳಿ ಹಲಗೆಗಳನ್ನು ಪೂರ್ತಿ ಹಾಕಿಸಿದರು. ಮೂರು ವಾರ ಒಂದು ಹನಿ ಕೆಳಗೆ ಬರಲಿಲ್ಲ. ಕೊಳವೆ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಉಬ್ಬರದಲ್ಲಿ ಕೊಳೆ ಮೇಲಕ್ಕೆ, ಇಳಿತದಲ್ಲಿ ಕೆಳಕ್ಕೆ, ತೊಟ್ಟಿಲು ತೂಗಿದ ಹಾಗೆ. ಕಡಲು ಮುಟ್ಟಲೇ ಇಲ್ಲ.

ನಿನ್ನೆ ಬೆಳಿಗ್ಗೆ ಆರಕ್ಕೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಮ್ಯಾನೇಜರಿಗೆ ಫೋನ್ ಮಾಡಿ ಕೊಳವೆ ನಿಲ್ಲಿಸಿ ಎಂದು ಬೇಡಿದೆ. ಕೋಣನ ಮುಂದೆ ಕಿನ್ನರಿ! ಅಳಿವೆಯ ಮೀನಿಗೆ ಇದೆಲ್ಲ ಮಾಮೂಲಿ ಎಂದು ಹೇಳಿ ಫೋನ್ ಇಟ್ಟರು. ಆಮೇಲೆ ತಮ್ಮನಿಗೆ ಮಾಡಿ, ನೀರು ಬಿಡೋ ಎಂದೆ. ಅವನು, ಬಿಡೋದಾದ್ರೆ ಒಂದೊಂದೇ ಹಲಗೆ ತೆಗೀಬೇಕು ಅಕ್ಕಾ, ಒಟ್ಟಿಗೆ ತೆಗೆದ್ರೆ ನಿಂತಿರೋ ಹೊಲಸೆಲ್ಲ ನಿನ್ನ ಮೇಲೇ ಬರುತ್ತೆ ಎಂದ. ನಾನು ಕೇಳಲಿಲ್ಲ. ಒಂದೊಂದು ಅಂತ ಕೂತ್ರೆ ಮೀನು ಉಳಿಯುತ್ತೇನೋ, ನನ್ನ ಹೊಟ್ಟೆ ಮೇಲೆ ಹೊಡೀಬೇಡ, ಎಲ್ಲ ತೆಗಿ ಎಂದು ಬೈದೆ. ಚಿಕ್ಕಂದಿನಿಂದ ನನ್ನ ಬೈಗುಳಕ್ಕೆ ಹೆದರುವವನು, ತೆಗೆದುಬಿಟ್ಟ.

ಏಳೂವರೆಗೆ ನೀರು ಬಂತು. ಮೊದಲು ಬಂದದ್ದು ಮೂರು ವಾರದ ಕೊಳೆ, ಕಪ್ಪುನೀಲಿ, ಮೇಲೆ ನೊರೆ. ಅರ್ಧ ಗಂಟೆಯೊಳಗೆ ಆರೂ ಪಂಜರಗಳ ಮೀನು ಹೊಟ್ಟೆ ಮೇಲಾಗಿ ತೇಲಿದವು. ಅವನ್ನು ಎತ್ತಿ ಹಾಕುವಾಗ ಉಗುರಿಗೆ ಹತ್ತಿದ ಬಣ್ಣ ಇನ್ನೂ ಹೋಗಿಲ್ಲ, ತಾವೇ ನೋಡಬಹುದು. ಹತ್ತು ಗಂಟೆಗೆಲ್ಲ ಅದೇ ಜಾಗದಲ್ಲಿ ತಿಳಿನೀರು ಹರಿಯುತ್ತಿತ್ತು. ಹನ್ನೊಂದಕ್ಕೆ ಮ್ಯಾನೇಜರು ಬಂದು ಆ ತಿಳಿನೀರನ್ನು ಬಾಟಲಿಗೆ ತುಂಬಿಸಿಕೊಂಡರು. ನೀರಿನಲ್ಲಿ ದೋಷವಿಲ್ಲ, ಹಲಗೆಯವನೇ ಕೊಂದ, ಪಾಪ ಮೀನು ಎಂದು ನನಗೇ ಸಮಾಧಾನ ಹೇಳಿದರು. ಎಂಥ ಭಂಡತನ! ಕೈಯಲ್ಲಿದ್ದ ಸತ್ತ ಮೀನನ್ನು ಅವರ ಶರ್ಟಿಗೆ ಎಸೆದದ್ದು ನಿಜ. ಅದನ್ನೂ ಬರೆದುಕೊಳ್ಳಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಕೊಳೆ ಬಿಟ್ಟವರಿಗೆ ಇಲ್ಲಿ ಫ್ಯಾನಿನ ಕೆಳಗೆ ಕುರ್ಚಿ, ನನ್ನ ತಮ್ಮನಿಗೆ ಸಿಮೆಂಟು ನೆಲ. ಸತ್ತದ್ದು ನನ್ನ ಮೀನು, ದೂರು ಅವರದ್ದು! ಯಾರು ಹೇಳಿದ್ದಕ್ಕೆ ತೆಗೆದೆ ಎಂದು ತಾವು ಎಷ್ಟು ಕೇಳಿದರೂ ಅವನು ಬಾಯಿ ಬಿಟ್ಟಿಲ್ಲವೆಂದು ಗೊತ್ತಾಯಿತು. ತೆಗಿ ಎಂದವಳು ನಾನು. ನನ್ನ ದೂರು ಕಾರ್ಖಾನೆಯ ಮೇಲೆ. ಅದನ್ನು ದಾಖಲಿಸಿಕೊಳ್ಳದೆ ಅವನ ಮೇಲೆಯೇ ಕೇಸು ಎಂದಾದರೆ, ನನ್ನನ್ನೂ ಒಳಗೆ ಹಾಕಿ. ಬಟ್ಟೆಯ ಚೀಲ ತಂದೇ ಬಂದಿದ್ದೇನೆ.

ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದೆ. ‘ತಮ್ಮನ ತಿಳಿಗೇಡಿತನದಿಂದ’ ಎಂದು ಠಾಣೆಯ ಬರಹಗಾರರು ತಾವಾಗಿ ಸೇರಿಸಿದ್ದನ್ನು ಹೊಡೆದುಹಾಕಿಸಿದ್ದೇನೆ. ಉಳಿದದ್ದು ನಾನು ಹೇಳಿದ್ದೇ, ಒಂದಕ್ಷರ ಸುಳ್ಳಿಲ್ಲ.

ಸ್ಥಳ: ಠಾಣೆ
ದಿನ: ಮೀನು ಸತ್ತ ಮರುದಿನ, ಮಧ್ಯಾಹ್ನ
ಸಹಿ: ಪಂಜರದಕ್ಕ, ಕಪ್ಪೆಯ ಅಕ್ಕ