ಬೂಟು ಬಿಚ್ಚುವ ಜಾಗದಲ್ಲಿ ನಾನು ಹೇಳಿದ ಸುಳ್ಳು

ಇನಾಯತ್ ಬಿನ್ ಲೇಟ್ ಹುಸೇನಸಾಬ, ವಯಸ್ಸು 49 ವರ್ಷ, ಜೀನ್ಸ್ ಬಟ್ಟೆಗೆ ಬಣ್ಣ ಹಾಕುವ ಕೆಲಸ, ವಾಸ ಕೌಲ್‌ಬಜಾರ್, ಬಳ್ಳಾರಿ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ದಿನಾಂಕ 9-11-2025ರಂದು ಇದೇ ಠಾಣೆಯಲ್ಲಿ ನನ್ನೇಸಾಬ ಎಂಬುವರ ಮೇಲೆ ನಾನು ಕೊಟ್ಟ ದೂರು ಸುಳ್ಳು. ನಡೆದದ್ದು ಹೀಗಿದೆ.

ನನ್ನ ಮಗಳು ಫರ್ಹತ್, 23 ವರ್ಷ, ಆಸ್ಪತ್ರೆಯಲ್ಲಿ ನರ್ಸ್. ಅವಳನ್ನು ಸಿರುಗುಪ್ಪದ ಆಸಿಂ ಎಂಬ ಹುಡುಗನಿಗೆ ಕೊಡುವ ಮಾತು ನಡೆದಿದೆ. ಮಾತುಕತೆಯ ದಿನ ಅವನ ತಾಯಿ ಬಾನುಬೀ ನನ್ನ ಕೆಲಸ ಏನೆಂದು ಕೇಳಿದಾಗ ಸೂಪರ್‌ವೈಸರ್ ಎಂದು ಹೇಳಿದ್ದೆ. ನಾನು ಸೂಪರ್‌ವೈಸರ್ ಅಲ್ಲ. ಇಪ್ಪತ್ತೆರಡು ವರ್ಷದಿಂದ ಬಣ್ಣದ ನೀರಿನಲ್ಲಿ ನಿಲ್ಲುವವನು. ಮೊಣಕಾಲಿನಿಂದ ಕೆಳಗೆ ನನ್ನ ಕಾಲು ನೀಲಿ.

ಭಾನುವಾರ ಆಸಿಂ ಎರಡೂ ಮನೆಯವರನ್ನು ಬಳ್ಳಾರಿಯಲ್ಲಿ ಹೊಸದಾಗಿ ಆಗಿರುವ ಜಪಾನಿ ಹೋಟೆಲಿಗೆ ಊಟಕ್ಕೆ ಕರೆದ. ಮೂರು ದಿನ ಮೊದಲಿನಿಂದಲೇ ನಾನು ಬ್ಲೀಚಿಂಗ್ ಪೌಡರ್ ಹಾಕಿ ಕೈ ತಿಕ್ಕಿದೆ. ಬಣ್ಣ ಹೋಯಿತು, ಚರ್ಮವೂ ಸುಲಿಯಿತು. ಕಾಲು ಹೇಗೂ ಬೂಟಿನೊಳಗಿರುತ್ತದೆಂದು ಬಿಟ್ಟೆ. ಬೂಟು ಪಕ್ಕದ ಮನೆಯವರದು. ಸಾಕ್ಸ್ ಇರಲಿಲ್ಲ.

ಸಂಜೆ 7-20ಕ್ಕೆ ನಾನು, ಹೆಂಡತಿ ಫರ್ಜಾನಾ ಮತ್ತು ಫರ್ಹತ್ ಆಟೋದಲ್ಲಿ ಹೊರಟು 7-35ಕ್ಕೆ ತಲುಪಿದೆವು. ಆಸಿಂ ಮತ್ತು ಬಾನುಬೀ ಬಾಗಿಲಲ್ಲಿದ್ದರು. ಒಳಗೆ ಕಾಲಿಡಲು ಜಾಗವಿರಲಿಲ್ಲ, ಮದುವೆ ಊಟದ ಪಂಕ್ತಿಗೆ ಕಾದಂತೆ ಜನ ನಿಂತಿದ್ದರು. 25 ನಿಮಿಷದ ನಂತರ ಮರದ ಜಗಲಿಯ ಮೇಲೆ ಜಾಗ ಸಿಕ್ಕಿತು. ಅಲ್ಲಿ ಚಾಪೆಯ ಮೇಲೆ ಕೂತು ಉಣ್ಣಬೇಕು, ಬೂಟು ಬಿಚ್ಚಿ ಹತ್ತಬೇಕು. ಈ ಪದ್ಧತಿ ಆಸಿಂಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ನನ್ನೇಸಾಬ, ಸುಮಾರು 50 ವರ್ಷ, ಅಲ್ಲಿ ಬಂದವರ ಚಪ್ಪಲಿ ಬೂಟು ಜೋಡಿಸಿಡುವ ಕೆಲಸದವರು. ಫರ್ಜಾನಾ, ಬಾನುಬೀ, ಆಸಿಂ ಹತ್ತಿ ಕೂತರು. ಫರ್ಹತ್ ನನ್ನಿಂದ ಎರಡು ಅಡಿ ದೂರದಲ್ಲಿ ನಿಂತಿದ್ದಳು. ನಾನು ಬೂಟು ಬಿಚ್ಚದೆ ನಿಂತೆ. ಹಿಂದಿನವರು ಗೊಣಗಿದರು. ನನಗೆ ಬಗ್ಗಲು ಆಗುವುದಿಲ್ಲವೆಂದು ತಿಳಿದು ನನ್ನೇಸಾಬರು ತಾವೇ ಕೆಳಗೆ ಕೂತು ನನ್ನ ಬಲಗಾಲಿನ ಲೇಸು ಬಿಚ್ಚಿ ಬೂಟು ಎಳೆದರು. ಹಿಮ್ಮಡಿ ಹೊರಗೆ ಬಂತು. ಅವರು ನೋಡಿದರು. ಕೂಡಲೇ ಬೇರೆಯವರಿಗೆ ಕಾಣದಂತೆ ತಮ್ಮ ಮೈ ಅಡ್ಡ ಮಾಡಿ, ಸಣ್ಣ ದನಿಯಲ್ಲಿ, "ನಾಚಿಕೋಬ್ಯಾಡ್ರಿ ಭಾಯಿ, ನನ್ನ ಕಡೆ ಸಾಕ್ಸ್ ಅದಾವು, ತಂದು ಕೊಡ್ತೀನಿ" ಎಂದರು.

ಅವರು ಅಂದಿದ್ದು ಇಷ್ಟೇ. ಬಾನುಬೀ ಆರು ಅಡಿ ದೂರದಿಂದ ಇತ್ತಲೇ ನೋಡುತ್ತಿದ್ದರು. ನನಗೆ ತಲೆ ಕೆಟ್ಟಿತು. ಕಾಲನ್ನು ಬೂಟಿಗೆ ತುರುಕಿ, ಅವರ ಕಾಲರ್ ಹಿಡಿದು ಎತ್ತಿ, ಇವನು ನನ್ನ ಮಗಳ ವೇಲ್ ಹಿಡಿದು ಎಳೆದ ಎಂದು ಕೂಗಿದೆ. ಸಾಲಿನಲ್ಲಿದ್ದ ನಾಲ್ಕೈದು ಜನ ಬಂದು ಅವರಿಗೆ ಹೊಡೆದರು. ಫರ್ಹತ್ ಇಲ್ಲ ಇಲ್ಲ ಎಂದು ಎರಡು ಸಲ ಹೇಳಿದ್ದು ನನಗೆ ಚೆನ್ನಾಗಿ ಕೇಳಿಸಿತು. ಬಾಯಿ ಮುಚ್ಚೆಂದು ಗದರಿಸಿದೆ. 8-20ಕ್ಕೆ ಪೊಲೀಸರು ಬಂದು ಅವರನ್ನು ಕರೆದೊಯ್ದರು.

ಮ್ಯಾನೇಜರ್ ಕೈಮುಗಿದು ನಮಗೆ ಮೇಜು ಕುರ್ಚಿ ಇರುವ ಕಡೆ ಜಾಗ ಮಾಡಿಕೊಟ್ಟರು. ಅಲ್ಲಿ ಬೂಟು ಬಿಚ್ಚಬೇಕಿರಲಿಲ್ಲ. ನಾನು ಊಟ ಮಾಡಿದೆ. ರುಚಿಯಾಗಿತ್ತು, ಎರಡನೇ ಸಲ ಹಾಕಿಸಿಕೊಂಡೆ, ಅದನ್ನೂ ಬರೆದುಕೊಳ್ಳಬೇಕು. ಫರ್ಹತ್ ನೀರನ್ನೂ ಮುಟ್ಟಲಿಲ್ಲ. ಆಮೇಲೆ ಠಾಣೆಗೆ ಬಂದು ದೂರಿಗೆ ಸಹಿ ಹಾಕಿದೆ.

ಮರುದಿನ ಬೆಳಿಗ್ಗೆ 9-00ಕ್ಕೆ ಬಾನುಬೀ ಫೋನ್ ಮಾಡಿ, ಮಗಳ ಮಾನ ಕಾಯುವ ತಂದೆ ಎಂದು ನನ್ನನ್ನು ಹೊಗಳಿದರು. "ನೀವು ಬಣ್ಣದಾಗ ಕೆಲಸ ಮಾಡ್ತೀರಿ ಅಂತ ನಮಗ ಮೊದಲ ಗೊತ್ತಿತ್ತು ಬಿಡ್ರಿ, ಅದರಾಗ ಏನೈತಿ" ಎಂದು ನಕ್ಕರು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ನನ್ನ ಮುಖಕ್ಕೆ ನಾನೇ ಉಗಿಯಬೇಕೆನಿಸಿತು. ಆದರೂ ಅದೇ ದಿನ ಮಹಿಳಾ ಪೊಲೀಸರು ಫರ್ಹತ್‌ಳ ಹೇಳಿಕೆ ಪಡೆಯಲು ಬಂದಾಗ ಅವಳಿಗೆ ಜ್ವರವೆಂದು ಹೇಳಿ ನಾನೇ ವಾಪಸ್ ಕಳಿಸಿದೆ.

ಎರಡು ದಿನ ಮಾತು ಬಿಟ್ಟಿದ್ದ ಫರ್ಹತ್ ಈ ದಿನ ಬುಧವಾರ ಬೆಳಿಗ್ಗೆ, "ನೀವು ಹೋಗಲಿಲ್ಲಂದ್ರ ನಾಳೆ ನಾನ ಠಾಣೆಗೆ ಹೋಗ್ತೀನಿ ಅಬ್ಬಾ. ಮೊದಲು ಅವರ ಮನೀಗೆ ಹೋಗಿ ಬರ್ರಿ" ಎಂದಳು.

ನನ್ನೇಸಾಬರ ಮನೆ ಕುರುಗೋಡಿನಲ್ಲಿದೆ. ನಾನು 9-40ರ ಬಸ್ಸಿಗೆ ಹೋದೆ. ಬಸ್ ನಿಲ್ದಾಣದಿಂದ ಮನೆ 400 ಮೀಟರ್. ಅವರ ಹೆಂಡತಿ ಬಾಗಿಲು ತೆರೆದರು. ಹೋಟೆಲಿನ ಕಡೆಯವನೆಂದು ಹೇಳಿದೆ. ಕೂರಿಸಿ ನೀರು ಕೊಟ್ಟರು. ತಂದೆಗೆ ಹೊಡೆಯುವ ವಿಡಿಯೊ ಊರೆಲ್ಲಾ ನೋಡಿದೆ, ಇಬ್ಬರು ಹೆಣ್ಣುಮಕ್ಕಳು ಮೂರು ದಿನದಿಂದ ಕಾಲೇಜಿಗೆ ಹೋಗಿಲ್ಲ ಎಂದು ತಿಳಿಸಿದರು. ಆಮೇಲೆ, "ನೀವು ಅಲ್ಲೇ ಇದ್ರೇನ್ರಿ? ಹಂಗಾರ ನಮ್ಮ ಹುಡುಗ್ಯಾರ ಮುಂದ ಒಂದು ಮಾತು ಹೇಳ್ರಿ, ಅವರಪ್ಪ ಅಂಥಾ ಮನುಷ್ಯಾ ಅಲ್ಲ ಅಂತ" ಎಂದು ಕೇಳಿಕೊಂಡರು. ಹುಡುಗಿಯರಿಬ್ಬರೂ ಒಳಬಾಗಿಲಿಗೆ ಬಂದು ನಿಂತರು. ಕೊಟ್ಟ ನೀರು ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ. ಬಸ್ಸಿಗೆ ಇನ್ನೂ 50 ನಿಮಿಷವಿತ್ತು.

ನನ್ನೇಸಾಬರು ನನ್ನ ಮಗಳನ್ನು ಮುಟ್ಟಿಲ್ಲ, ಅವಳ ಕಡೆ ನೋಡಿಯೂ ಇಲ್ಲ. ನನ್ನ ದೂರಿನಿಂದ ಜೈಲು ಸೇರಿದ ಅವರನ್ನು ಬಿಡಿಸಬೇಕು. ಸುಳ್ಳು ದೂರಿಗೆ ನನ್ನ ಮೇಲೆ ಏನು ಕ್ರಮವೋ ಅದು ಆಗಲಿ. ಈ ಹೇಳಿಕೆಯ ಒಂದು ಪ್ರತಿ ನನಗೆ ಕೊಡಿಸಬೇಕು. ನಾಳೆ ಫರ್ಹತ್ ಅದನ್ನು ಕುರುಗೋಡಿಗೆ ಒಯ್ದು ಆ ಇಬ್ಬರು ಹುಡುಗಿಯರಿಗೆ ಓದಿ ಹೇಳುತ್ತಾಳೆ. ಓದಿ ಮುಗಿಯುವವರೆಗೆ ನಾನು ಅವರ ಎದುರಿಗೆ ನಿಂತಿರಬೇಕು, ತಲೆ ತಗ್ಗಿಸಬಾರದು ಎಂದಿದ್ದಾಳೆ. ನಿಲ್ಲುತ್ತೇನೆ. ತಲೆ ತಗ್ಗಿಸುವುದಿಲ್ಲವೆಂಬ ಮಾತು ಮಾತ್ರ ಕೊಡಲಾರೆ.

ಇದನ್ನು ಹೇಳಿ ಬರೆಸಿದವನು ನಾನೇ. ಓದಿಸಿ ಕೇಳಿದ್ದೇನೆ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಬಳ್ಳಾರಿ
ದಿನಾಂಕ: 12-11-2025
ಸಹಿ: ಇನಾಯತ್