ಮೊದಲ ಇಪ್ಪತ್ತು ನಿಮಿಷದ ನೀರು

‘ಮಾರ್ಚ್ ಹದಿನಾಲ್ಕು, ಬೆಳಗ್ಗೆ ಐದು ಗಂಟೆ. ಮೊದಲ ಮಗುವಿಗೆ ಭೇದಿ ಶುರು.’ ನೀನು ತಂದ ಪಟ್ಟಿ ಓದಿದೆ ತಂಗೀ, ಕನ್ನಡಕ ಹಾಕಿಕೊಂಡೇ ಓದಿದೆ. ಮಕ್ಕಳ ವಾರ್ಡಿನ ಹಿರಿಯ ನರ್ಸಮ್ಮ ಕೆಲಸ ಬಿಟ್ಟು ನನ್ನ ನೀರು ಶುದ್ಧೀಕರಣ ಘಟಕಕ್ಕೆ ಬಂದದ್ದು ಇದಕ್ಕೋ? ನಾನು ನೀರು ನಿಲ್ಲಿಸಬೇಕಂತೆ! ಕುದಿಸಿ ಕುಡಿಯಿರಿ ಎಂದು ಊರಿಗೆಲ್ಲ ಸಾರಬೇಕಂತೆ! ...ಕೂತುಕೋ. ಕಂಬದ ಹಾಗೆ ನಿಲ್ಲಬೇಡ.

ಹತ್ತೊಂಬತ್ತು ಮಕ್ಕಳ ಮಲದಲ್ಲಿ ಪರೋಪಜೀವಿ ಕಂಡಿದೆ, ಸರಿ. ಅದಕ್ಕೆ ನನ್ನ ನೀರು ಹೊಣೆಯೋ? ಮಗುವಿನ ಉಗುರು ಕತ್ತರಿಸಲು ಪುರುಸೊತ್ತಿಲ್ಲದ ತಾಯಂದಿರು, ಕೈ ತೊಳೆದರೆ ಆಯುಸ್ಸು ಸವೆಯುತ್ತದೆ ಎನ್ನುವ ಅಪ್ಪಂದಿರು... ಕುಣಿಯಲಾರದವರಿಗೆ ನೆಲ ಡೊಂಕು! ಯಾಕೆ ಗೋಡೆ ನೋಡುತ್ತೀ? ನಾನಿಲ್ಲಿದ್ದೇನೆ.

ಕ್ಲೋರಿನ್ ಅಳತೆ ತಪ್ಪಿಲ್ಲ. ...ಗೊತ್ತೇ, ಗೊತ್ತು! ಈ ಕ್ರಿಮಿಯ ಚಿಪ್ಪಿಗೆ ಕ್ಲೋರಿನ್ ನಾಟುವುದಿಲ್ಲ, ಮರಳಿನ ಹಾಸೇ ತಡೆಯಬೇಕು. ರಸಾಯನಶಾಸ್ತ್ರ ಓದಿದವಳು ನಾನು, ನೀನಲ್ಲ. ಆ ಮರಳನ್ನು ಏಳನೇ ತಾರೀಕು ನಾನೇ ನಿಂತು ತೊಳೆಸಿದ್ದೇನೆ! ...ಬೆರಳು ಮಡಚಬೇಡ. ಏಳರಿಂದ ಹದಿನಾಲ್ಕಕ್ಕೆ ಏಳು ದಿನ, ಕ್ರಿಮಿ ಹೊಟ್ಟೆ ಸೇರಿ ಭೇದಿ ಶುರುವಾಗಲು ಹಿಡಿಯುವಷ್ಟೇ ದಿನ. ನನಗೂ ಎಣಿಸಲು ಬರುತ್ತದೆ.

ಓಹೋ, ಆ ವಾಲ್ವ್‌ಮನ್ ಊದಿದನೋ ನಿನ್ನ ಕಿವಿಯಲ್ಲಿ? ‘ತೊಳೆದ್ಮೇಲೆ ಮೊದಲ ಇಪ್ಪತ್ತು ನಿಮಿಷದ ನೀರು ಮೋರಿಗೆ ಬಿಡಬೇಕು ಅಮ್ಮಾವ್ರೇ, ಅದರಲ್ಲಿ ಎಲ್ಲಾ ನುಸುಳಿ ಬರುತ್ತೆ.’ ನನಗೆ! ಅಜ್ಜಿಗೇ ಕೆಮ್ಮು ಕಲಿಸಲು ಬಂದ! ಹೊಳೆ ಬತ್ತುತ್ತಿರುವಾಗ ನೀರನ್ನು ಮೋರಿಗೆ ಚೆಲ್ಲಲೇ? ಎಂಟು ಗಂಟೆಗೆ ನಲ್ಲಿ ಬರದಿದ್ದರೆ ಮಾತು ಕೇಳುವವರು ಯಾರು, ಅವನೋ ನಾನೋ? ಮೂವತ್ತೊಂದು ವರ್ಷ, ಒಂದು ದಿನ ತಡವಾಗಿಲ್ಲ. ನೆಟ್ಟಗೆ ಊರಿಗೇ ಬಿಡು ಎಂದೆ. ಆಮೇಲೆ ತೊಳೆಸಿದಾಗಲೆಲ್ಲ ಹಾಗೇ...

ಏನು? ತಲೆ ಅಲ್ಲಾಡಿಸುತ್ತೀ?

ಅವನು ಹೇಳಲಿಲ್ಲವೇ?

...ಯಾರೂ ಹೇಳಿಲ್ಲವೇ?

ನೀನು ಕೇಳಲೂ ಇಲ್ಲವಲ್ಲೇ. ನಾನೇ... ನಾನೇ ಎಲ್ಲವನ್ನೂ...

ಬೈಯೇ! ಏನಾದರೂ ಅನ್ನು! ...ಈ ಪಟ್ಟಿಯ ಕೊನೆಯದು, ಎಂಟು ತಿಂಗಳ ಕೂಸು. ಹೇಗಿದೆ ಅದು? ...ತಂಗೀ, ಮುಖ ಎತ್ತು. ಇದೆಯೋ, ಇಲ್ಲವೋ?

...ಇದೆ. ಆದರೆ ಕಣ್ಣು ಬಿಡುತ್ತಿಲ್ಲ. ಹೂಂ.

ಆ ಫೋನು ಇತ್ತ ತಳ್ಳು. ಈಗಲೇ ನೀರು ನಿಲ್ಲಿಸುತ್ತೇನೆ. ಕುದಿಸದೆ ಕುಡಿಯಬೇಡಿ ಎಂದು ಬೀದಿಬೀದಿಯಲ್ಲಿ ಸಾರಿಸುತ್ತೇನೆ. ಕೊಳೆನೀರು ಬಿಡಿಸಿದವಳು ನಾನೇ ಎಂದು ಬರೆದು, ಕೆಳಗೆ ಸಹಿ ಹಾಕುತ್ತೇನೆ.